ಮೊಪೆಡ್ ಹುಡುಕಿದ ಮಳೆಗಾಲ

ಆಗತಾನೆ ಬೀಸಿದ ರಾಗಿಹಿಟ್ಟು ಬಿಸಿಯಾಗಿರುತ್ತದೆ ಎಂಬುದು ಪೊಟ್ಟಣದ ಹಿಟ್ಟು ಕೊಳ್ಳುವವರಿಗೆ ಗೊತ್ತಿರಲಿಕ್ಕಿಲ್ಲ. ಮೊನ್ನೆ ಮೈಸೂರಿನ ನಮ್ಮ ಮನೆಯ ಹಿಂದಿನ ರಸ್ತೆಯಲ್ಲಿ ಹೊಸದಾಗಿ ಒಂದು ಹಿಟ್ಟಿನ ಮಿಲ್ಲು ಶುರುವಾಯಿತು. ಐದು ಕೇಜಿ ರಾಗಿ ಬೀಸಿಸಿಕೊಂಡು ಬನ್ನಿ ಎಂದು ಹೆಂಡತಿ ಚೀಲ ಕೈಗಿಟ್ಟಳು. ಬರುವಾಗ ಚೀಲವನ್ನು ಎದೆಗೊತ್ತಿಕೊಂಡಿದ್ದೆ. ಆ ಬಿಸಿ, ಆ ಸುಟ್ಟಂತೆ ಬರುವ ಮಣ್ಣಿನ ವಾಸನೆ ಎರಡೂ ಸೇರಿ ನನ್ನನ್ನು ನಡುರಸ್ತೆಯಲ್ಲಿ ನಿಲ್ಲಿಸಿಬಿಟ್ಟವು. ಹಿಂದಿನಿಂದ ಆಟೋದವನು ಹಾರ್ನ್ ಹೊಡೆದು ಬೈದ. ಅವನಿಗೇನು ಗೊತ್ತು, ನಾನು ಆ ಹೊತ್ತಿನಲ್ಲಿ ನಂಜನಗೂಡಿನಲ್ಲಿದ್ದೆ, ಎರಡು ಸಾವಿರದ ಏಳನೇ ಇಸವಿಯ ಮಳೆಗಾಲದಲ್ಲಿದ್ದೆ.

ಆಗ ನಂಜನಗೂಡಿನಲ್ಲಿ ನನ್ನದೊಂದು ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು. ಇತ್ತು ಅನ್ನುವುದಕ್ಕಿಂತ ಕೊನೆಯುಸಿರು ಎಳೆಯುತ್ತಿತ್ತು ಅನ್ನಬೇಕು. ಹದಿನಾಲ್ಕು ಯಂತ್ರ, ನಾಲ್ಕು ವಿದ್ಯಾರ್ಥಿಗಳು. ಎಲ್ಲರೂ ಕಂಪ್ಯೂಟರ್ ಕಲಿಯಲು ಹೋಗುತ್ತಿದ್ದರು. ನಾನು ಮಾತ್ರ ಇದೆಲ್ಲ ನಾಲ್ಕು ದಿನದ ಹುಚ್ಚು ಎಂದು ಎದುರು ಸಿಕ್ಕವರಿಗೆಲ್ಲ ಭಾಷಣ ಮಾಡಿಕೊಂಡು, ಅರ್ಜಿ, ಅಫಿಡವಿಟ್ಟು ಟೈಪ್ ಮಾಡಿಕೊಟ್ಟು ದಿನ ದೂಡುತ್ತಿದ್ದೆ. ಗೋಡೆಯ ಆಚೆ ಬದಿಗೆ ಪುಟ್ಟಸ್ವಾಮಪ್ಪನವರ ಹಿಟ್ಟಿನ ಮಿಲ್ಲು. ಅದು ಶುರುವಾದರೆ ನನ್ನ ಯಂತ್ರಗಳೆಲ್ಲ ತಾವೇ ಅಕ್ಷರ ಹೊಡೆಯುವ ಹಾಗೆ ನಡುಗುತ್ತಿದ್ದವು. ಜಗಳವಾಡಲು ಎಷ್ಟು ಸಲ ಹೋಗಿದ್ದೆನೋ ಲೆಕ್ಕವಿಲ್ಲ. ಆದರೆ ಹೋದಾಗಲೆಲ್ಲ ಮಹದೇವಮ್ಮನವರು ಹುಬ್ಬು, ರೆಪ್ಪೆ, ಮೂಗಿನ ತುದಿಗೆಲ್ಲ ಹಿಟ್ಟು ಮೆತ್ತಿಕೊಂಡು "ಏನ್ ಮೇಷ್ಟ್ರೆ?" ಎಂದು ನಗುತ್ತಿದ್ದರು. ಆ ಮುಖ ನೋಡಿ ಬಂದ ದಾರಿಗೇ ತಿರುಗುತ್ತಿದ್ದೆ.

ಮಹದೇವಮ್ಮ ಮಿಲ್ಲಿನ ಕೆಲಸಗಾರರು. ಗಂಡ ನಂಜಪ್ಪ ತೀರಿಕೊಂಡ ವರ್ಷ ಸೇರಿದವರು, ಆರು ವರ್ಷದಲ್ಲಿ ಮಿಲ್ಲೇ ಅವರಾಗಿದ್ದರು. ಸವೆದ ಬೀಸುವ ಕಲ್ಲನ್ನು ಉಳಿ ಹಿಡಿದು ಕೊಚ್ಚಿ ಒರಟು ಮಾಡುವುದನ್ನು ಗಂಡಸರೇ ಮಾಡಬೇಕೆಂದು ಊರು ನಂಬಿದ್ದ ಕಾಲದಲ್ಲಿ ತಾವೇ ಕೂತು ಕೊಚ್ಚುತ್ತಿದ್ದರು. ಡಬ್ಬ ನೋಡಿಯೇ ಯಾರ ಮನೆಯದು ಎಂದು ಹೇಳುತ್ತಿದ್ದರು. ಯಾರ ಮನೆಯಲ್ಲಿ ಸಕ್ಕರೆ ಕಾಯಿಲೆ ಬಂದಿದೆ, ಯಾರ ಮನೆಗೆ ಹೊಸ ಸೊಸೆ ಬಂದಿದ್ದಾಳೆ, ಎಲ್ಲ ಹಿಟ್ಟಿನಲ್ಲೇ ತಿಳಿಯುತ್ತಿತ್ತು ಅವರಿಗೆ.

ಆಷಾಢದ ಮಳೆ ಜೋರಾಗಿದ್ದ ದಿನಗಳವು. ಮೇಲೆ ಅಣೆಕಟ್ಟಿನಿಂದ ನೀರು ಬಿಟ್ಟು, ಕಪಿಲೆ ಹದಿನಾರು ಕಾಲು ಮಂಟಪದ ಸೊಂಟದವರೆಗೆ ಬಂದಿದ್ದಳು. ಊರೆಲ್ಲ ಛತ್ರಿ ಹಿಡಿದು ಹೊಳೆ ನೋಡಲು ಹೋಗುವಾಗ ಪುಟ್ಟಸ್ವಾಮಪ್ಪನವರು ಮಂಡಿನೋವಿನ ಕಾಲೆಳೆದುಕೊಂಡು ಮಿಲ್ಲಿಗೆ ಬಂದರು. ನನಗೆ ಇನ್ನು ಆಗುವುದಿಲ್ಲ, ಮಿಲ್ಲು ಮಾರುತ್ತೇನೆ ಎಂದರು.

"ಮೊಬೈಲ್ ಅಂಗಡಿ ಇಡ್ತೀನಿ ಅಂತ ಒಬ್ಬ ಹುಡುಗ ಬಂದವ್ನೆ ಮಹದೇವಮ್ಮ. ಕಲ್ಲು ಕಿತ್ತಾಕಿ ಗಾಜು ಹಾಕಿಸ್ತಾನಂತೆ. ಆದ್ರೆ ಮೊದಲ ಮಾತು ನಿಂದು. ದೀಪಾವಳಿಗಂಟ ಕಾಯ್ತೀನಿ. ಆಯ್ತದಾ ನೋಡು."

ಅರ್ಧ ದುಡ್ಡು ಮಹದೇವಮ್ಮನವರ ಹತ್ತಿರ ಇತ್ತು, ಮಹಿಳಾ ಸಂಘದಲ್ಲಿ ಆರು ವರ್ಷ ಕೂಡಿಟ್ಟದ್ದು. ಉಳಿದರ್ಧಕ್ಕೆ ಬ್ಯಾಂಕಿಗೆ ಅರ್ಜಿ ಹಾಕಿದರು. ಅರ್ಜಿ ಟೈಪ್ ಮಾಡಿಕೊಟ್ಟವನು ನಾನೇ. ಹದಿನೈದು ದಿನ ಕಳೆದು ಒಂದು ಮಧ್ಯಾಹ್ನ ಅವರು ಬ್ಯಾಂಕಿನಿಂದ ನೇರವಾಗಿ ನನ್ನ ಬಾಗಿಲಿಗೆ ಬಂದರು. ಮುಖದಲ್ಲಿ ಹಿಟ್ಟಿರಲಿಲ್ಲ. ಹಿಟ್ಟಿಲ್ಲದ ಆ ಮುಖ ಎಷ್ಟು ಬಡವಾಗಿದೆ ಎಂದು ಅಂದೇ ನನಗೆ ಕಂಡದ್ದು.

"ಸಾಲ ಕೊಡಕಿಲ್ವಂತೆ ಮೇಷ್ಟ್ರೆ. ನಾನು ಮೊಪೆಡ್ ಸಾಲ ಕಟ್ಟದೆ ಬಿಟ್ಟಿದೀನಂತೆ. ಬೊಂಬಾಯಲ್ಲಿ ಬರ್ದವ್ರಂತೆ."

ಆ ಮೊಪೆಡ್ಡಿನ ಕತೆ ಹೇಳಬೇಕು. ತೊಂಬತ್ತೇಳರಲ್ಲಿ ನಂಜಪ್ಪ ಹಳ್ಳಿಗಳಿಗೆ ಸೀರೆ, ಟವಲ್ಲು ಕೊಂಡೊಯ್ದು ಮಾರಲು ಒಂದು ನೀಲಿ ಮೊಪೆಡ್ ಕೊಂಡಿದ್ದ. ಮೈಸೂರಿನ ಒಂದು ಫೈನಾನ್ಸ್ ಕಂಪನಿ ಸಾಲ ಕೊಟ್ಟಿತ್ತು. ಹೆಂಗಸರ ಹೆಸರಿನಲ್ಲಿ ತೆಗೆದುಕೊಂಡರೆ ಒಂದು ಪ್ರೆಶರ್ ಕುಕ್ಕರ್ ಉಚಿತ ಎಂದು ಆ ಹಬ್ಬದ ಸೀಜನ್ನಿನಲ್ಲಿ ಕಂಪನಿಯವರು ಡಂಗುರ ಹೊಡೆದಿದ್ದರು. ಕುಕ್ಕರಿನ ಆಸೆಗೆ ಸಾಲವೂ ಗಾಡಿಯೂ ಮಹದೇವಮ್ಮನವರ ಹೆಸರಿಗೆ ಬಂದವು. ಇಪ್ಪತ್ತನಾಲ್ಕು ಕಂತು. ನಂಜಪ್ಪ ಒಂದನ್ನೂ ತಪ್ಪಿಸಲಿಲ್ಲ. ಅದಕ್ಕೆ ನಾನೇ ಸಾಕ್ಷಿ, ಏಕೆಂದರೆ ಕೊನೆಯ ಕಂತು ಕಟ್ಟಿದ ಮಾರನೆಯ ಬೆಳಿಗ್ಗೆ ಅವನು ಹೊಳೆಯಿಂದ ಒದ್ದೆ ಪಂಚೆಯಲ್ಲೇ ನನ್ನ ಇನ್‌ಸ್ಟಿಟ್ಯೂಟಿಗೆ ಬಂದು ಅಂಗೈಗೆ ಸಕ್ಕರೆ ಹಾಕಿದ್ದ. "ಋಣ ಅರೀತು ಮೇಷ್ಟ್ರೆ" ಎಂದಿದ್ದ.

ಹೊಳೆಗೆ ಯಾಕೆ ಹೋಗಿದ್ದ? ಅದು ಅವರ ಮನೆತನದ ಪದ್ಧತಿ. ತೀರಿದ ಸಾಲದ ಕಾಗದ ಮನೆಯೊಳಗಿದ್ದರೆ ಸಾಲಕ್ಕೆ ದಾರಿ ನೆನಪಿರುತ್ತದೆ, ಮತ್ತೆ ಬರುತ್ತದೆ ಎಂದು ಅವರ ನಂಬಿಕೆ. ಅಜ್ಜನ ಕಾಲದಿಂದ ಸಾಲ ತೀರಿದ ಪತ್ರವನ್ನೆಲ್ಲ ಎಲೆ ಅಡಿಕೆ, ಒಂದು ರಸಬಾಳೆಹಣ್ಣಿನ ಜೊತೆ ಕಪಿಲೆಗೆ ಬಿಟ್ಟು, ಮುಳುಗಿ ಎದ್ದು ಬರುತ್ತಿದ್ದರು. ಅಜ್ಜನ ಕಾಲದ ಸಾಹುಕಾರನಿಗೆ ಅದು ಸರಿ, ಅವನ ಕಣ್ಣೆದುರೇ ಪತ್ರ ಹರಿಯುತ್ತಿತ್ತು. ನಂಜಪ್ಪ ಫೈನಾನ್ಸ್ ಕಂಪನಿಯ ಇಪ್ಪತ್ತನಾಲ್ಕು ರಸೀತಿಯನ್ನೂ, ಸಾಲ ಚುಕ್ತಾ ಎಂದು ಬರೆದುಕೊಟ್ಟ ಪತ್ರವನ್ನೂ ಹಾಗೆಯೇ ಹೊಳೆಗೆ ಬಿಟ್ಟಿದ್ದ. ಅವನು ಹೋದ ಮೇಲೆ ಮಹದೇವಮ್ಮ ಮೊಪೆಡ್ಡನ್ನು ಕವಲಂದೆಯ ಒಬ್ಬ ಕಾಂಪೌಂಡರಿಗೆ ಮಾರಿದರು. ಆಮೇಲೆ ಆ ಫೈನಾನ್ಸ್ ಕಂಪನಿಯೂ ಬಾಗಿಲು ಹಾಕಿತು. ಬಾಗಿಲು ಹಾಕುವಾಗ ತನ್ನ ಹಳೇ ಲೆಕ್ಕದ ಕಂತೆಯನ್ನು, ತೀರಿದ್ದು ತೀರದ್ದು ನೋಡದೆ, ಸಾಲ ವಸೂಲಿ ಮಾಡುವ ಒಂದು ಏಜೆನ್ಸಿಗೆ ಮಾರಿತ್ತು. ಇದೆಲ್ಲ ನಮಗೆ ಆಮೇಲೆ ತಿಳಿದದ್ದು.

ಅದೇ ವಾರದಿಂದ ಆ ಏಜೆನ್ಸಿಯ ಫೋನು ನನಗೇ ಬರತೊಡಗಿತು. ಮೊಪೆಡ್ ಸಾಲದ ಅರ್ಜಿಯಲ್ಲಿ ನಂಜಪ್ಪ ನನ್ನ ಇನ್‌ಸ್ಟಿಟ್ಯೂಟಿನ ನಂಬರನ್ನು ಪಿ.ಪಿ. ನಂಬರ್, ಅಂದರೆ ಕರೆದು ಮಾತಾಡಿಸುವ ಪಕ್ಕದವರ ನಂಬರ್ ಎಂದು ಕೊಟ್ಟಿದ್ದ, ಆಗ ಬೀದಿಗೊಂದೇ ಫೋನು ಇರುತ್ತಿದ್ದುದು. ಮಾತಾಡುವವನ ದನಿ ಮೀಸೆ ಸರಿಯಾಗಿ ಬಾರದ ಹುಡುಗನದು, ಹೇಳಿಕೊಳ್ಳುವುದು ಮಾತ್ರ ರಿಕವರಿ ಆಫೀಸರ್ ಎಂದು. ಹದಿನೆಂಟು ಸಾವಿರ ಬಾಕಿ, ಕಟ್ಟದಿದ್ದರೆ ಪೊಲೀಸು, ಜಪ್ತಿ. ಕೊನೆಗೆ ದೊಡ್ಡ ಉಪಕಾರ ಮಾಡುವವನಂತೆ ದನಿ ತಗ್ಗಿಸಿ, ಒಂಬತ್ತು ಸಾವಿರಕ್ಕೆ ಸೆಟಲ್ ಮಾಡಿಕೊಳ್ಳಿ, ಪಟ್ಟಿಯಿಂದ ಹೆಸರು ತೆಗೆಸುತ್ತೇವೆ ಎಂದ.

ನಾಚಿಕೆಯಿಂದ ಹೇಳುತ್ತಿದ್ದೇನೆ, ಕಟ್ಟಿಬಿಡಿ ಎಂದು ಮಹದೇವಮ್ಮನವರಿಗೆ ಮೊದಲು ಹೇಳಿದವನು ನಾನು. ನಂಜಪ್ಪ ಹಾಕಿದ ಸಕ್ಕರೆ ತಿಂದವನು. ದೀಪಾವಳಿ ಹತ್ತಿರ ಬರುತ್ತಿದೆ, ಒಂಬತ್ತು ಸಾವಿರ ಹೋದರೂ ಮಿಲ್ಲು ಉಳಿಯುತ್ತದಲ್ಲ ಎಂದು ಬುದ್ಧಿವಂತನ ಹಾಗೆ ಲೆಕ್ಕ ಬಿಡಿಸಿದೆ. ಅವರು ಸೆರಗಿನಿಂದ ಮುಖ ಒರೆಸಿಕೊಂಡು ನನ್ನನ್ನೇ ನೋಡಿದರು.

"ದುಡ್ಡು ಓದ್ರೆ ಸಂಪಾದಿಸ್ಬೋದು ಮೇಷ್ಟ್ರೆ. ತೀರ್ಸಿರೋ ಸಾಲ ಇನ್ನೊಂದ್ಸಲ ತೀರ್ಸಿದ್ರೆ ನಮ್ ಯಜಮಾನ್ರು ಸುಳ್ಳುಗಾರ ಆಗೋಯ್ತಾರೆ. ಮಳೇಲಿ ನೆನ್ಕೊಂಡು ಸೀರೆ ಮಾರಿ ಕಟ್ಟವ್ರೆ ಅವ್ರು. ನಾ ಕಟ್ಟಕಿಲ್ಲ."

ಮಾರನೆಯ ದಿನ ನಾನೂ ಅವರ ಜೊತೆ ಬ್ಯಾಂಕಿಗೆ ಹೋದೆ. ಮ್ಯಾನೇಜರು ಒಳ್ಳೆಯ ಮನುಷ್ಯ. ಸಾಲ ತೆಗೆದುಕೊಂಡವರು ಹೇಗೆ ಕಟ್ಟಿದರು ಎಂದು ಬರೆದಿಡುವ ಕ್ರೆಡಿಟ್ ಬ್ಯೂರೋ ಎಂಬ ಸಂಸ್ಥೆ ಈಚೆಗೆ ಬೊಂಬಾಯಿಯಲ್ಲಿ ಶುರುವಾಗಿದೆ, ಏಜೆನ್ಸಿಯವರು ಅಲ್ಲಿ ಇವರ ಹೆಸರು ಬರೆಸಿದ್ದಾರೆ ಎಂದು ಬಿಡಿಸಿ ಹೇಳಿದರು. ಆಮೇಲೆ ನಾವು ಕೇಳದೆಯೇ ಇನ್ನೊಂದು ಮಾತು ಹೇಳಿದರು.

"ನೋಡಿ ಅಮ್ಮ, ರಿಪೋರ್ಟ್ ನೋಡಿ ನಾನು ಸಾಲ ಇಲ್ಲ ಅಂದ ಮೇಲೆ ಅದರ ನಕಲು ಕೇಳೋದು ನಿಮ್ಮ ಹಕ್ಕು. ಹೊಸ ಕಾನೂನು ಬಂದಿದೆ. ತಪ್ಪಿದೆ ಅಂತ ನೀವು ಬರೆದುಕೊಟ್ಟರೆ ಅವರು ಮೂವತ್ತು ದಿನದೊಳಗೆ ವಿಚಾರಿಸಿ ಸರಿಮಾಡಬೇಕು. ಆದರೆ ಪುರಾವೆ ಒಂದು ಇರಲಿ. ಬಾಯಿಮಾತು ನಡೆಯಲ್ಲ."

ನಕಲು ಕೊಟ್ಟರು. ನಾನು ಟೈಪಿಂಗ್ ಮೇಷ್ಟ್ರು, ಕಾಗದದಲ್ಲಿ ನನ್ನ ಕಣ್ಣು ಮೊದಲು ತಪ್ಪಿನ ಮೇಲೇ ಬೀಳುವುದು. ಸಾಲ ಕಟ್ಟುವುದು ನಿಂತ ತಾರೀಖು ಎಂಬಲ್ಲಿ ಎರಡು ಸಾವಿರದ ಐದು ಎಂದಿತ್ತು. ಗಾಡಿ ಮಾರಿ ಮೂರು ವರ್ಷ, ಗಂಡ ಸತ್ತು ನಾಲ್ಕು ವರ್ಷ ಆದ ಮೇಲೆ! ಮ್ಯಾನೇಜರು ಕನ್ನಡಕ ಏರಿಸಿ ನೋಡಿ ನಕ್ಕರು. "ಹಳೇ ಸಾಲ ಅಂತ ಬರೆದರೆ ಕೋರ್ಟಿಗೆ ಹೋಗೋ ಅವಧಿ ಮುಗಿದಿರುತ್ತೆ, ಹೆದರಿಸೋಕೆ ಬಲ ಇರಲ್ಲ. ಅದಕ್ಕೆ ಹೊಸ ತಾರೀಖು ಹಾಕಿದಾರೆ" ಎಂದರು.

ಪುರಾವೆ ಎಲ್ಲಿಂದ ತರುವುದು? ಎಲ್ಲವೂ ಎಂಟು ವರ್ಷದ ಹಿಂದೆ ಹೊಳೆಯಲ್ಲಿ ತಲಕಾಡಿನ ಕಡೆ ಹೋಗಿತ್ತು. ಆ ಸಂಜೆ ಟೀ ಕುಡಿಯುವಾಗ ನನಗೆ ಹೊಳೆಯಿತು. ಸಾಲದ ಮೇಲೆ ಕೊಂಡ ಗಾಡಿಯ ಆರ್.ಸಿ. ಪುಸ್ತಕದಲ್ಲಿ ಫೈನಾನ್ಸ್ ಕಂಪನಿಯ ಹೆಸರು ಬರೆದಿರುತ್ತಾರೆ. ಸಾಲ ತೀರಿದರೆ ಆರ್.ಟಿ.ಓ. ಕಚೇರಿಯಲ್ಲಿ ಅದನ್ನು ಹೊಡೆದುಹಾಕಿ, ರದ್ದು ಎಂದು ಮುದ್ರೆ ಒತ್ತುತ್ತಾರೆ. ಮುದ್ರೆಯಲ್ಲಿ ತಾರೀಖು ಇರುತ್ತದೆ! ಕಂಪನಿ ಒಪ್ಪಿ ಪತ್ರ ಕೊಡದೆ ಆ ಮುದ್ರೆ ಬೀಳುವುದೇ ಇಲ್ಲ. "ನಂಜಪ್ಪ ಮುದ್ರೆ ಹಾಕಿಸಿದ್ದನೇ?" ಎಂದರೆ ಮಹದೇವಮ್ಮ, "ಕೊನೇ ಕಂತು ಕಟ್ಟಿದ್ ದಿನ್ವೇ ಮೈಸೂರ್ನಲ್ಲಿ ಅದೇನೋ ಒತ್ತುಸ್ಕೊಂಡು ಬಂದ್ರು, ಬರ್ತಾ ನಂಗೆ ಬಳೆ ತಂದಿದ್ರು" ಎಂದರು. ಗಾಡಿಯ ನಂಬರ್ ಕೇಳಿದರೆ ಮಾತ್ರ ಗೊತ್ತಿಲ್ಲ. ನೀಲಿ ಬಣ್ಣ, ಸೀಟು ಹರಿದಿತ್ತು, ಅಷ್ಟೇ. ನಂಬರ್ ಇಲ್ಲದೆ ಹಳೇ ರಿಜಿಸ್ಟರಿನಲ್ಲಿ ಹುಡುಕುವುದು ಹೇಗೆ ಎಂದು ಆರ್.ಟಿ.ಓ. ಕಚೇರಿಯ ಗುಮಾಸ್ತರು ಕೇಳಿದರು. ಅವರು ಕೇಳಿದ್ದೂ ಸರಿಯೇ. ಇನ್ನುಳಿದ ದಾರಿ ಒಂದೇ, ಆ ಮೊಪೆಡ್ಡನ್ನೇ ಹುಡುಕುವುದು.

ಮಿಲ್ಲಿಗೆ ವಾರಕ್ಕೊಂದೇ ರಜ, ಆದ್ದರಿಂದ ನಮ್ಮ ಹುಡುಕಾಟವೂ ವಾರಕ್ಕೊಮ್ಮೆ. ಮೊದಲ ವಾರ ಕವಲಂದೆ. ಬಸ್ಸಿನ ಕಿಟಕಿಗೆ ಗಾಜಿಲ್ಲದೆ ಇಬ್ಬರೂ ತೊಯ್ದು ತೊಪ್ಪೆಯಾದೆವು. ಕಾಂಪೌಂಡರು ನಮ್ಮನ್ನು ನೋಡಿ ಜ್ವರದ ಮಾತ್ರೆ ಕೊಟ್ಟೇ ಆಮೇಲೆ ಮಾತಾಡಿಸಿದ್ದು. ಗಾಡಿಯನ್ನು ನಾಲ್ಕು ವರ್ಷದ ಹಿಂದೆ ತಿರುಮಕೂಡಲು ನರಸೀಪುರದ ಒಬ್ಬ ಅರ್ಚಕರಿಗೆ ಕೊಟ್ಟೆ ಎಂದರು. ಹೆಸರು ಬದಲಾಯಿಸಿದಿರಾ ಎಂದರೆ ತಲೆ ಕೆರೆದುಕೊಂಡರು. "ಸಹಿ ಮಾಡಿದ್ ಫಾರಂ ಇತ್ತು ಕಣ್ರೀ. ನಾಳೆ ಕೊಡಾಣ, ನಾಳೆ ಕೊಡಾಣ ಅಂತ…"

ಮಧ್ಯೆ ಮಳೆ, ಪಿತೃಪಕ್ಷ, ಹಬ್ಬಕ್ಕೆ ಬೀಸುವ ಹಿಟ್ಟಿನ ರಾಶಿ ಎಂದು ಕೆಲವು ವಾರ ಹಾಗೇ ಹೋದವು. ನರಸೀಪುರಕ್ಕೆ ಹೋಗುವ ಹೊತ್ತಿಗೆ ನವರಾತ್ರಿ ಬಂದಿತ್ತು. ಅರ್ಚಕರ ಮನೆ ಸಂಗಮದ ಹತ್ತಿರ. ನಮ್ಮ ಕತೆ ಪೂರ್ತಿ ಕೇಳಿ, ಮೊದಲು ಎಲೆ ಹಾಕಿಸಿ ಪುಳಿಯೋಗರೆ ಬಡಿಸಿದರು. "ಆ ಗಾಡಿಯಾ? ಅಭಿಷೇಕಕ್ಕೆ ಹೊತ್ತಾಯಿತು ಅಂತ ಹೊರಟಾಗಲೇ ಕೈಕೊಡೋದು. ದೇವರೂ ಕಾದೂ ಕಾದೂ ಬೇಸತ್ತಿರಬೇಕು. ಮೂಗೂರಿನ ಸಿದ್ದಪ್ಪನಿಗೆ ಕೊಟ್ಟೆ, ರೇಷ್ಮೆಹುಳಕ್ಕೆ ಸೊಪ್ಪು ಹೊರಲು" ಎಂದರು. ಹೆಸರು ಅವರೂ ಬದಲಾಯಿಸಿರಲಿಲ್ಲ.

ಹೀಗೆ ಆಯುಧಪೂಜೆ ಕಳೆದ ವಾರ ನಾವು ಮೂಗೂರಿನಲ್ಲಿ ಸಿದ್ದಪ್ಪನ ಮನೆ ಮುಂದೆ ನಿಂತೆವು. ಕೊಟ್ಟಿಗೆಯಲ್ಲಿ ಮೊಪೆಡ್ ಇತ್ತು. ಎಂಜಿನ್ ಇರಲಿಲ್ಲ, ಮುಂದಿನ ಚಕ್ರವೂ ಇರಲಿಲ್ಲ. ಹರಿದ ಸೀಟಿನ ಮೇಲೆ ಕೋಳಿಯೊಂದು ಕಾವಿಗೆ ಕೂತಿತ್ತು. ಆದರೂ ಹ್ಯಾಂಡಲಿಗೆ ಚೆಂಡುಹೂವಿನ ಹಾರ, ಮುಂದೆ ಒಡೆದ ಬೂದುಗುಂಬಳದ ಗುರುತು, ಎಲ್ಲ ಕ್ರಮವಾಗಿ ಆಗಿದ್ದವು. ಮಹದೇವಮ್ಮ ಹತ್ತಿರ ಹೋಗಿ ಹ್ಯಾಂಡಲಿನ ಮೇಲೆ ಕೈ ಇಟ್ಟರು. ಕೋಳಿ ಒಮ್ಮೆ ಗುರ್ ಎಂದು ಸುಮ್ಮನಾಯಿತು.

ನಾನು ಯೋಚನೆ ಇಲ್ಲದೆ, "ಈ ಗಾಡಿ ಈಗಲೂ ಇವರ ಹೆಸರಿನಲ್ಲೇ ಇದೆ, ಪುಸ್ತಕ ಕೊಡಿ" ಎಂದುಬಿಟ್ಟೆ. ಸಿದ್ದಪ್ಪ ಹೌಹಾರಿದ.

"ಏನ್ ಸಾ ಇಂಗಂತೀರಾ? ದುಡ್ಡು ಕೊಟ್ಟು ತಕ್ಕೊಂಡಿರೋ ಗಾಡಿ! ಈಗ ಬಂದು ನಂದು ಅಂದ್ರೆ ಬುಟ್ಟುಬುಡಕ್ಕಾಯ್ತದಾ? ಮೂರ್ ವರ್ಸ ಪೂಜೆ ಮಾಡಿವ್ನಿ!"

ಕೊಟ್ಟಿಗೆಗೆ ಅಡ್ಡ ನಿಂತ. ಅಕ್ಕಪಕ್ಕದವರು ಸೇರಿದರು. ಯಾರೋ ಒಬ್ಬ "ಪೊಲೀಸ್ನೋರಾ ಕಣ್ಲಾ?" ಎಂದ. ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಮಹದೇವಮ್ಮ ಮಾತ್ರ ಅವನ ಹೆಂಡತಿಯ ಪಕ್ಕ ಜಗುಲಿಯ ಮೇಲೆ ಕೂತರು.

"ಗಾಡಿ ನಿಮ್ದೇ ಕಣಪ್ಪ, ಕೋಳೀನೂ ನಿಮ್ದೇ. ನಂಗೆ ಅದ್ರ ಪುಸ್ತಕದಲ್ಲಿ ಒಂದ್ ಮುದ್ರೆ ನೋಡ್ಬೇಕು. ನಮ್ ಯಜಮಾನ್ರು ಒತ್ತುಸಿದ್ದು. ಅದಿಲ್ದಿದ್ರೆ ನಾನು ಆರು ವರ್ಸ ದುಡಿದ್ ಮಿಲ್ಲು ಓಯ್ತದೆ, ಅವ್ರ್ ಮಾತೂ ಓಯ್ತದೆ."

ಸಿದ್ದಪ್ಪ ಒಳಗೆ ಹೋಗಿ ಕಾಲು ತೊಳೆದುಕೊಂಡು, ದೇವರ ಗೂಡಿನಿಂದ ಕೆಂಪು ಬಟ್ಟೆಯ ಗಂಟು ತಂದ. ಆಯುಧಪೂಜೆಯಲ್ಲಿ ಗಾಡಿಯ ಪುಸ್ತಕಕ್ಕೂ ಪೂಜೆ. ಮೊದಲ ಪುಟದಲ್ಲಿ ಮಹದೇವಮ್ಮ ಎಂದು ಹೆಸರಿತ್ತು. ಒಳಗಿನ ಪುಟದಲ್ಲಿ ಮುದ್ರೆ ಇತ್ತು, ಅದರ ಮೇಲೆ ಸರಿಯಾಗಿ ಮೂರು ವರ್ಷದ ಕುಂಕುಮ ಮೆತ್ತಿತ್ತು. ಮಹದೇವಮ್ಮ ಸೆರಗಿನ ತುದಿಯಿಂದ ಹಿಟ್ಟು ಒರೆಸುವಷ್ಟೇ ಹಗುರಾಗಿ ಒರೆಸಿದರು. ಫೈನಾನ್ಸ್ ಕಂಪನಿಯ ಹೆಸರಿನ ಮೇಲೆ ಗೀಟು, ರದ್ದು, ತೊಂಬತ್ತೊಂಬತ್ತನೇ ಇಸವಿ, ಸಹಿ. ನಾನು ಗಟ್ಟಿಯಾಗಿ ಓದಿದೆ. ಅವರು ಪುಸ್ತಕವನ್ನು ಕಣ್ಣಿಗೊತ್ತಿಕೊಂಡು ಅತ್ತುಬಿಟ್ಟರು. ಸಿದ್ದಪ್ಪನ ಹೆಂಡತಿಯೂ ಅತ್ತಳು. ನನ್ನ ಕಣ್ಣಲ್ಲೂ ನೀರು ಬಂತು. ಒಂಬತ್ತು ಸಾವಿರ ಕಟ್ಟಿಬಿಡಿ ಎಂದಿದ್ದ ಬಾಯಿಗೆ ಆ ಹೊತ್ತಿನಲ್ಲಿ ಎರಡು ಬಾರಿಸಬೇಕು ಅನ್ನಿಸಿತು.

ಪುಸ್ತಕವನ್ನು ನಮ್ಮ ಕೈಗೆ ಬಿಟ್ಟುಕೊಡಲು ಮಾತ್ರ ಸಿದ್ದಪ್ಪ ಒಪ್ಪಲಿಲ್ಲ. ಕಂಕುಳಲ್ಲಿ ಗಂಟು ಇರುಕಿಕೊಂಡು ನಮ್ಮ ಜೊತೆಗೇ ಬಸ್ಸು ಹತ್ತಿ ನರಸೀಪುರಕ್ಕೆ ಬಂದ. ಜೆರಾಕ್ಸ್ ಅಂಗಡಿಯಲ್ಲಿ ಯಂತ್ರದ ಮುಚ್ಚಳದ ಮೇಲೆ ಕೈ ಇಟ್ಟುಕೊಂಡೇ ನಿಂತಿದ್ದ. ನೋಟರಿಯ ಮುಂದೆ ಮೂಲ ಪುಸ್ತಕ ತೋರಿಸಿ, ನಕಲಿಗೆ ಮುದ್ರೆ ಹಾಕಿಸಿದ ಮೇಲೆ ನಮಗೆಲ್ಲ ಅವನೇ ಟೀ ಕೊಡಿಸಿದ. "ಗೆದ್ರೆ ಒಂದ್ ಕಾಗದ ಆಕಿ ಸಾ" ಎಂದು ನನ್ನ ಕೈ ಹಿಡಿದುಕೊಂಡ.

ಆ ಸಂಜೆ ಟೈಪ್ ಮಾಡಿದ ಪತ್ರ ನನ್ನ ಜೀವಮಾನದ ಅತ್ಯುತ್ತಮ ಪತ್ರ. ಒಂದೇ ಒಂದು ಅಕ್ಷರ ತಪ್ಪಿಲ್ಲ, ಅಂಚು ನೂಲು ಹಿಡಿದಂತೆ ನೇರ. ಸಾಲ ಯಾವಾಗ ತೀರಿತು, ಮುದ್ರೆ ಎಲ್ಲಿದೆ, ಸುಳ್ಳು ತಾರೀಖು ಯಾವುದು, ಮೂವತ್ತು ದಿನದೊಳಗೆ ಸರಿಪಡಿಸದಿದ್ದರೆ ಗ್ರಾಹಕರ ನ್ಯಾಯಾಲಯಕ್ಕೆ ಹೋಗುತ್ತೇವೆ ಎಂದು ಒಂದೇ ಪುಟದಲ್ಲಿ ಬರೆದೆ. ಬ್ಯೂರೋಗೆ ಒಂದು, ಏಜೆನ್ಸಿಗೆ ಒಂದು, ಬ್ಯಾಂಕಿಗೆ ಒಂದು, ಎಲ್ಲ ರಿಜಿಸ್ಟರ್ಡ್ ಪೋಸ್ಟು. ಮಹದೇವಮ್ಮ ಪ್ರತಿಯೊಂದಕ್ಕೂ ನಾಲಗೆ ಕಚ್ಚಿಕೊಂಡು ಸಹಿ ಮಾಡಿದರು. ಮುಂದಿನ ಸಲ ರಿಕವರಿ ಆಫೀಸರ್ ಫೋನ್ ಮಾಡಿದಾಗ ನಾನು, "ನಮ್ಮ ರಿಜಿಸ್ಟರ್ಡ್ ಪೋಸ್ಟು ತಲುಪಿತೇ ಸ್ವಾಮಿ?" ಎಂದೆ. ಅವನು ಫೋನಿಟ್ಟ, ಮತ್ತೆ ಮಾಡಲಿಲ್ಲ.

ಆದರೆ ಉತ್ತರ ಬರಲಿಲ್ಲ. ದೀಪಾವಳಿಯ ಹಿಂದಿನ ದಿನ ಮೊಬೈಲ್ ಅಂಗಡಿಯ ಹುಡುಗ ಟೇಪು ತಂದು, ಮಹದೇವಮ್ಮ ಅಕ್ಕಿ ಬೀಸುತ್ತಿರುವಾಗಲೇ ಗೋಡೆ ಅಳೆದ. ಅವರು ತಲೆ ಎತ್ತಲಿಲ್ಲ. ಹಬ್ಬ ಮುಗಿದ ದಿನ ಪುಟ್ಟಸ್ವಾಮಪ್ಪನವರು ಬಂದು ಬೆಂಚಿನ ಮೇಲೆ ಕೂತರು. ಇನ್ನು ಮಾತು ಮುಗಿಯಿತು ಎಂದು ನಾನು ಗೋಡೆಯಾಚೆ ಕಿವಿಗೊಟ್ಟು ನಿಂತಿದ್ದೆ.

"ಹಬ್ಬ ಆಯ್ತಲ್ಲ ಸಾವ್ಕಾರ್ರೆ" ಎಂದು ಮಹದೇವಮ್ಮನವರೇ ಶುರು ಮಾಡಿದರು.

"ಎಲ್ಲಾಯ್ತು? ಕಾರ್ತೀಕ ಮುಗಿಯೋಗಂಟ ದಿನಾ ದೀಪ ಹಚ್ತೀವಲ್ಲ ಸ್ವಾಮಿಗೆ. ಅಲ್ಲೀಗಂಟ ನನಗೆ ದೀಪಾವಳಿನೇ. ಆ ಹುಡುಗನ್ಗೂ ಅಂಗೇ ಯೋಳಿವ್ನಿ."

ಕಾರ್ತೀಕ ಮುಗಿಯಲು ಎರಡು ವಾರವಿದ್ದಾಗ ಲಕೋಟೆ ಬಂತು. ಖಾತೆ ತಪ್ಪಾಗಿ ದಾಖಲಾಗಿತ್ತು, ತೆಗೆದುಹಾಕಲಾಗಿದೆ ಎಂದು ಎರಡೇ ಸಾಲು. ಕ್ಷಮೆ ಇರಲಿಲ್ಲ, ನಮಗೆ ಬೇಕಾಗಿಯೂ ಇರಲಿಲ್ಲ. ಬ್ಯಾಂಕು ಸಾಲ ಕೊಟ್ಟಿತು. ಮಹದೇವಮ್ಮ ಮಿಲ್ಲಿನ ಒಡತಿಯಾದ ದಿನ ಆ ಉಚಿತ ಕುಕ್ಕರಿನಲ್ಲೇ ಬೀದಿಗೆಲ್ಲ ಪೊಂಗಲ್ ಮಾಡಿ ಹಂಚಿದರು. ಸಿದ್ದಪ್ಪನಿಗೆ ಕಾಗದ ಬರೆದೆ. ನನ್ನ ಇನ್‌ಸ್ಟಿಟ್ಯೂಟು ಮಾತ್ರ ಮುಂದಿನ ವರ್ಷ ಮುಚ್ಚಿತು, ನಾನು ಮೈಸೂರು ಸೇರಿದೆ. ಆ ಜಾಗವನ್ನು ಮೊಬೈಲ್ ಅಂಗಡಿಯ ಹುಡುಗನೇ ತೆಗೆದುಕೊಂಡ. ಅವನ ಗಾಜುಗಳು ಮಿಲ್ಲು ಶುರುವಾದಾಗಲೆಲ್ಲ ನಡುಗುತ್ತವೆ ಎಂದು ಕೇಳಿ ನನಗೆ ತುಂಬ ಸಂತೋಷವಾಯಿತು.

ಮೂರು ವರ್ಷದ ಮೇಲೆ ಒಂದು ದಿನ ಮೈಸೂರಿಗೆ ಫೋನ್ ಬಂತು. "ಬ್ಯಾಂಕಿನ್ ಸಾಲ ತೀರ್ತು ಮೇಷ್ಟ್ರೆ. ನಾಳೆ ಬೆಳಿಗ್ಗೆ ಹೊಳೇತಾವ ಬನ್ನಿ" ಎಂದರು. ಇಷ್ಟೆಲ್ಲ ಆದ ಮೇಲೂ ಕಾಗದವನ್ನು ನೀರಿಗೆ ಬಿಡುತ್ತಾರಲ್ಲ ಎಂದು ಮೊದಲ ಬಸ್ಸಿಗೇ ಓಡಿದೆ. ನಾನು ಸ್ನಾನಘಟ್ಟದ ಮೆಟ್ಟಿಲಿಳಿಯುವ ಹೊತ್ತಿಗೆ ಅವರು ಮೊಣಕಾಲುದ್ದ ನೀರಿನಲ್ಲಿ ನಿಂತು, ಎಲೆ ಅಡಿಕೆ ರಸಬಾಳೆಯ ಜೊತೆ ಮಡಿಚಿದ ಕಾಗದವನ್ನು ತೇಲಿಬಿಟ್ಟಾಗಿತ್ತು.

"ಏನ್ ಮಾಡಿದ್ರಿ ಮಹದೇವಮ್ಮ!" ಎಂದು ಕೂಗಿದೆ.

ಅವರು ಮೆಟ್ಟಿಲ ಮೇಲಿನ ಚೀಲ ತೋರಿಸಿದರು. ಒಳಗೆ ಬ್ಯಾಂಕಿನ ಪತ್ರ, ಎರಡೂ ಬದಿಗೆ ಪ್ಲಾಸ್ಟಿಕ್ ಹಾಕಿಸಿ ಗಟ್ಟಿ ಮಾಡಿಸಿದ್ದು.

"ನಮ್ ಯಜಮಾನ್ರಿಗೆ ಜೆರಾಕ್ಸೇ ಸಾಕು ಮೇಷ್ಟ್ರೆ. ಒರಿಜಿನಲ್ಲು ಬದ್ಕಿರೋರ್ಗೆ ಬೇಕು."

ಮುಳುಗಿ ಎದ್ದು, ನನ್ನ ಅಂಗೈಗೆ ಸಕ್ಕರೆ ಹಾಕಿ, ಒದ್ದೆ ಸೀರೆಯಲ್ಲೇ ಬಿರಬಿರನೆ ಮಿಲ್ಲಿನ ಕಡೆ ನಡೆದರು. ಕರೆಂಟ್ ಹೋಗುವುದರೊಳಗೆ ಮೂರು ಡಬ್ಬ ರಾಗಿ ಬೀಸುವುದಿತ್ತು.